ಏಳು ಎಣಿಸುವವರೆಗೆ

ಮುಳ್ಳು ಅಲ್ಲಾಡಿತು, ಇಲ್ಲ, ಗಾಜಿನ ಮೇಲೆ ಬಿದ್ದ ನನ್ನದೇ ನೆರಳು, ಓವನ್ ಬಾಗಿಲಿಗೆ ಮುಖ ಹಿಡಿದು ಹೀಗೆ ಕುಕ್ಕರಗಾಲಲ್ಲಿ ಕೂತರೆ ಮಂಡಿ ಸುಮ್ಮನಿರುತ್ತದೆಯೇ, ಆದರೂ ಏಳುವಂತಿಲ್ಲ, ರಿಪೇರಿಯವನು ಥರ್ಮಾಮೀಟರ್ ಕೊಟ್ಟು ಹೇಳಿದ್ದಾನೆ, ನಡುವಿನ ಕಂಬಿ ಮೇಲಿಡಿ ಅಮ್ಮಾ, ಇಪ್ಪತ್ತು ನಿಮಿಷ ಬಾಗಿಲು ತೆಗೀಬೇಡಿ, ಪದೇ ಪದೇ ಇಣುಕಿದ್ರೆ ಅದಕ್ಕೂ ನಾಚಿಕೆ ಆಗುತ್ತೆ — ಗುಂಡಿ ನೂರ ಎಂಬತ್ತರಲ್ಲಿದೆ, ಅಕ್ಕ ಹೇಳಿದ ನೂರ ಎಂಬತ್ತು, ಹೇಳಿದ್ದೆಲ್ಲಿ, ನಾನು ಹಟ ಮಾಡಿ ಹೇಳಿಸಿದ್ದು, ನನ್ನ ಕಾಟ ತಾಳಲಾರದೆ ಕನ್ನಡಕ ಹಾಕಿ ತನ್ನ ಓವನ್ನಿನ ಗುಂಡಿ ಬಗ್ಗಿ ನೋಡಿದ್ದಳು, ಇಲ್ಲದಿದ್ದರೆ ಅವಳಿಗೆ ಅಂಕಿ ಯಾಕೆ, ಕೈಗಡಿಯಾರ ಬಿಚ್ಚಿಟ್ಟು, ಅಂಗೈ ಬಿಡಿಸಿ ಓವನ್ನಿನ ಬಾಯೊಳಗೆ ಹಿಡಿದು ಎಣಿಸುವಳು, ಒಂದು, ಎರಡು, ಏಳಕ್ಕೆ ಕೈ ತಾನೇ ಹಿಂದೆ ಬಂದರೆ ಹದ, ಕೈ ಇಟ್ಟು ನೋಡೇ, ಕೈಗೆ ಗೊತ್ತಾಗುತ್ತೆ, ಅಂದರೆ ನಾನು ನಕ್ಕಿದ್ದೆ, ಹೊಲಿಗೆಯವಳು ಕಣಕ್ಕ ನಾನು, ಅಳತೆ ಹೇಳು.

ಅಳತೆಯಂತೆ ಅಳತೆ, ಹದಿನೆಂಟು ವರ್ಷ ಊರವರ ಭುಜ ಸೊಂಟ ಅಳೆದವಳು, ಟೇಪು ಹಳೆಯದಾದರೆ ಜಗ್ಗುತ್ತದೆಂದು ತಿಂಗಳಿಗೊಮ್ಮೆ ಕಬ್ಬಿಣದ ಸ್ಕೇಲಿಗೆ ಹಿಡಿದು ನೋಡುವವಳು, ಈ ಗುಂಡಿಯನ್ನು ಒಂದು ದಿನವಾದರೂ ಅನುಮಾನಿಸಿದೆನೇ, ಅನುಮಾನಿಸಿದ್ದು ಅಕ್ಕನನ್ನು. ಅವಳ ಮಗಳ ಹುಟ್ಟುಹಬ್ಬ, ನಮ್ಮನೇಲೇ ಆಗಲಿ, ಕೇಕ್ ನಾನೇ ಮಾಡ್ತೀನಿ ಅಂತ ಕುಣಿದೆ, ಮೇಲೆಲ್ಲ ಕರಿ, ಬಂದವರ ಮುಂದೆ ಮುಖ ಸುಟ್ಟುಕೊಂಡ ಹಾಗಾಗಿ, ಬೇಕಂತಲೇ ತಪ್ಪು ಹೇಳ್ಕೊಟ್ಟೆ ಅಲ್ವಾ, ನಿನ್ನ ಥರ ಕೇಕ್ ಇನ್ಯಾರಿಗೂ ಬರಬಾರದು ನೋಡು, ಅಂದುಬಿಟ್ಟೆ — ಅಕ್ಕ ಚಾಕು ತೆಗೆದುಕೊಂಡು ಕರಿ ಕೆರೆದಳು, ಒಂದು ತುಂಡು ತಾನೇ ತಿಂದಳು, ಒಳಗೆ ಮೆತ್ತಗಿದೆ ಕಣೇ, ಅಷ್ಟೇ, ಮಗಳ ಕೈ ಹಿಡಿದು ಹೊರಟಳು. ಮೂರು ವರ್ಷ. ಎರಡು ಬೀದಿ ಆಚೆ ಮನೆ, ಅಂಗಡಿಯಲ್ಲಿ ಅವಳ ಬೆನ್ನು ಕಂಡರೆ ಸೋಪಿನ ಸಾಲಿನ ಹಿಂದೆ ಸರಿಯುವವಳು ನಾನು, ಬಾಗಿಲು ದಾಟುವವರೆಗೂ ಆ ಬೆನ್ನನ್ನೇ ನೋಡುವವಳೂ ನಾನೇ, ತೆಳ್ಳಗಾಗಿದ್ದಾಳೆ, ರವಿಕೆಯ ಭುಜ ಜಾರುತ್ತಿದೆ, ಎರಡು ಹೊಲಿಗೆ ಹಿಡಿದರೆ ಸಾಕು, ಯಾರು ಹಿಡಿದುಕೊಡುತ್ತಾರೆ.

ಇಪ್ಪತ್ತು ನಿಮಿಷ. ಇನ್ನೂರ ಇಪ್ಪತ್ತು. ಕನ್ನಡಕ ಒರೆಸಿ ನೋಡಿದರೂ ಇನ್ನೂರ ಇಪ್ಪತ್ತೇ, ನಲವತ್ತು ಹೆಚ್ಚು, ಗುಂಡಿ ಮಾತ್ರ ನೂರ ಎಂಬತ್ತರಲ್ಲಿ ಮಳ್ಳಿಯ ಹಾಗೆ ನಿಂತಿದೆ, ಅಕ್ಕ ಸರಿಯಾಗಿಯೇ ಹೇಳಿದ್ದಳು, ಎರಡು ಸಲವೂ, ಅಂಕಿಯಲ್ಲೂ ಅಂಗೈಯಲ್ಲೂ. ಗುಂಡಿ ಇಳಿಸುತ್ತೇನೆ, ನೂರ ನಲವತ್ತು, ಕಾಯುತ್ತೇನೆ, ಫೋನು ಮೇಜಿನ ಮೇಲಿದೆ, ಅವಳ ನಂಬರು ಬೆರಳಿಗೇ ಗೊತ್ತು, ಏನಂತ ಶುರು ಮಾಡುವುದು, ಅಕ್ಕಾ, ತಪ್ಪು ಈ ಓವನ್ದು ಕಣೇ, ಅಂದರೆ, ನಿಂದಲ್ವೇನೇ ಅಂತ ಕೇಳಿದರೆ, ಕೇಳಲಿ, ಬೈಯಲಿ, ಏನಾದರೂ ಅನ್ನಲಿ, ಆ ದನಿ ಕೇಳಿದರೆ ಸಾಕು — ಮುಳ್ಳು ನೂರ ಎಂಬತ್ತಕ್ಕೆ ಬಂತು, ಕೈಗಡಿಯಾರ ಬಿಚ್ಚಿಟ್ಟೆ, ಬಾಗಿಲು ತೆಗೆದೆ, ಒಂದು, ಎರಡು, ಮೂರು, ಬಿಸಿ ಗೆಣ್ಣಿಗೆ ಬಂತು, ಐದು, ಆರು, ಓವನ್ನಿನ ಬಾಯೊಳಗೆ ಬಿಡಿಸಿದ ಅಂಗೈ, ನನ್ನದಲ್ಲ, ಅಕ್ಕನದು, ಅದೇ ಅಂಗೈ, ಏಳು.