ಮಾಯಸಂದ್ರಕ್ಕೆ ಕಡ ಕೊಟ್ಟ ಆಟಗಾರ

ಶೆಟ್ಟಿಕೆರೆ ಫ್ರೆಂಡ್ಸ್ ಫುಟ್‌ಬಾಲ್ ಕ್ಲಬ್ಬಿನ ನಲವತ್ತು ವರ್ಷದ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವಳು ಸಿಂಧು. ಹೈಸ್ಕೂಲಿನ ಪಿ.ಟಿ. ಟೀಚರು, ಈಗ ಕ್ಲಬ್ಬಿನ ಕಾರ್ಯದರ್ಶಿಯೂ ಅವಳೇ. "ಗಂಗಾಧರಣ್ಣ, ಹದಿನೈದು ವರ್ಷ ಗೋಲ್ ಕಾದಿದ್ದೀರ, ನಿಮಗಿಂತ ಯಾರಿಗೆ ಗೊತ್ತು?" ಅಂದಳು. ಹೊಗಳಿದರೆ ನಾನು ಉಬ್ಬುತ್ತೇನೆ ಎಂದು ಅವಳಿಗೆ ಯಾರು ಹೇಳಿದರೋ ಕಾಣೆ. ಹ್ಞೂ ಅಂದುಬಿಟ್ಟೆ, ಅವತ್ತಿಗೆ ನನ್ನ ನೆಮ್ಮದಿ ಕೆಟ್ಟಿತು.

1984ರಿಂದ 1998ರವರೆಗೆ ಸಲೀಸಾಗಿ ಬರೆದೆ. ಡ್ರಿಲ್ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರು ಕೆರೆ ಹಿಂದಿನ ಬಯಲಲ್ಲಿ ಕ್ಲಬ್ ಶುರು ಮಾಡಿದ್ದು, ಬಿದ್ದ ತೆಂಗಿನ ಮರ ಸೀಳಿ ಗೋಲ್ ಕಂಬ ನೆಟ್ಟಿದ್ದು, ಕಾಯಿ ಸುಲಿಯುವ ದಿನಗಳಲ್ಲಿ ಹುಡುಗರು ಸಿಗದೆ ಏಳೇಳು ಜನ ಆಡಿದ್ದು, ಎಲ್ಲ ಬರೆದೆ. ನಾವು ಯಾವ ಲೀಗಿಗೂ ಸೇರಿದವರಲ್ಲ, ಸೇರಿ ಎಂದು ಯಾರೂ ಕರೆದೂ ಇಲ್ಲ. ಮಾಯಸಂದ್ರದವರು ಇಲ್ಲಿಗೆ ಬರುವುದು, ನಾವು ಅಲ್ಲಿಗೆ ಹೋಗುವುದು, ಅದೇ ನಮ್ಮ ವಿಶ್ವಕಪ್ಪು. 1999ಕ್ಕೆ ಬಂದಾಗ ಪೆನ್ನು ನಿಂತಿತು.

ಮೂರು ವಾರ ಒದ್ದಾಡಿದೆ. ನನ್ನದು ಪೈಪು, ಮೋಟಾರಿನ ಅಂಗಡಿ. ವಾಲ್ವ್ ಕೇಳಿದವರಿಗೆ ವಾಷರ್ ಕೊಟ್ಟೆ, ಕೇಳಿದ್ದನ್ನೇ ಎರಡು ಸಲ ಕೇಳಿದವರ ಮೇಲೆ ರೇಗಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಸಿಂಧು ದಿನಾ ವಾಟ್ಸಾಪಿನಲ್ಲಿ "1999 ಎಲ್ಲಿ?" ಎಂದು ಕೇಳುತ್ತಿದ್ದಳು. ಎಲ್ಲಿ ಅಂದರೆ, ನನ್ನ ಹೊಟ್ಟೆಯಲ್ಲಿ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮಾಯಸಂದ್ರದವರು ತುರುವೇಕೆರೆಯಲ್ಲೊಮ್ಮೆ, ಚಿಕ್ಕನಾಯಕನಹಳ್ಳಿಯಲ್ಲೊಮ್ಮೆ ಬಸ್ಸು ಬದಲಿಸಬೇಕು, ಯಾರಾದರೂ ತಪ್ಪಿಸಿಕೊಳ್ಳುವುದು ಖಾಯಂ. ಒಂಬತ್ತೇ ಜನ ಬಂದರೆ ನಾವು ಒಬ್ಬನನ್ನು ಅವರಿಗೆ ಕಡ ಕೊಡುತ್ತಿದ್ದೆವು. ಆಗ ಎರಡೂ ಕಡೆ ಹತ್ತು ಹತ್ತು. "ಅವರ ಅಂಗಿ ಹಾಕ್ಕಂಡ್ಮೇಲೆ ಅವರೋನೇ. ಮೈಗಳ್ಳತನ ಮಾಡಿದ್ರೆ ನಮ್ಮ ಕ್ಲಬ್ಬಲ್ಲಿ ಜಾಗ ಇಲ್ಲ" ಎಂದು ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು.

ಆ ವರ್ಷ ಕಡ ಹೋದವನು ಹನುಮಂತರಾಜು. ನಮ್ಮೆಲ್ಲರಲ್ಲಿ ನಿಜವಾಗಿ ಆಟ ಬರುತ್ತಿದ್ದವನು ಅವನೊಬ್ಬನೇ, ನನ್ನ ಜೀವದ ಗೆಳೆಯ ಕೂಡ. ಆಟ ಮುಗಿಯಲು ಐದು ನಿಮಿಷ ಇರುವಾಗ ಚೆಂಡು ಮೇಲಿಂದ ಬಂತು. ನನ್ನೆದುರು ನಾಲ್ಕಡಿ ದೂರದಲ್ಲಿ ರಾಜು ಹಾರಿದ. ನಾನು ಕಣ್ಣು ಮುಚ್ಚಿದೆ. ಹದಿನೈದು ವರ್ಷ ಗೋಲ್ ಕಾದವನು ಹೆದರಿ ಕಣ್ಣು ಮುಚ್ಚಿದೆ. ತೆರೆದಾಗ ಚೆಂಡು ಎರಡು ಕಂಬದ ನಡುವೆ ಗೋಲ್ ದಾಟಿ ಹೋಗಿತ್ತು.

"ಹ್ಯಾಂಡು, ಹ್ಯಾಂಡು, ಕೈಲಿ ಹೊಡ್ದವ್ನೆ" ಎಂದು ಕೂಗಿದೆ. ಬಾಯಿಗೆ ಬಂದದ್ದು ಅದು. ರೆಫ್ರಿಯಾಗಿದ್ದ ಮೇಷ್ಟ್ರು ಹಿಂದೆ ಉಳಿದಿದ್ದರು, ಏನೂ ಕಂಡಿರಲಿಲ್ಲ. ರಾಜುವನ್ನು ಕೇಳಿದರು. ಅವನು ನನ್ನನ್ನೇ ಒಂದು ಗಳಿಗೆ ನೋಡಿ ತಲೆ ತಗ್ಗಿಸಿದ, ತುಟಿ ಬಿಚ್ಚಲಿಲ್ಲ. ಕಣ್ಣಾರೆ ಕಾಣದ್ದನ್ನು ತಪ್ಪು ಅನ್ನಲಾಗದೆ ಮೇಷ್ಟ್ರು ಗೋಲ್ ಕೊಟ್ಟರು, ನಾವು ಸೋತೆವು.

ಊರು ನಂಬಿದ್ದು ಮಾತ್ರ ನನ್ನ ಮಾತನ್ನು. ಕಡ ಹೋದವನು ಸ್ವಂತ ಊರಿಗೇ ಮೋಸ ಮಾಡಿದ ಎಂದು ಹಬ್ಬಿತು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಅವನನ್ನು ಕೈರಾಜು ಎಂದೇ ಕರೆದರು. ಮದುವೆಯಾಗಿ ಬಂದ ವನಜಾಕ್ಷಿಯೂ ಕೈರಾಜನ ಹೆಂಡತಿಯಾದಳು. ಅವನು ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಕೊನೆಗೆ ಊರನ್ನೇ ಬಿಟ್ಟು ಕಿಬ್ಬನಹಳ್ಳಿಯ ಹೆದ್ದಾರಿ ಪಕ್ಕ ಪಂಚರ್ ಅಂಗಡಿ ಇಟ್ಟುಕೊಂಡ. ನಾನು ನೋಡಿರಲೇ ಇಲ್ಲ ಎಂಬ ಮೂರು ಪದ ನನ್ನ ಗಂಟಲಿಂದ ಹೊರಡಲಿಲ್ಲ. ಎಂಥ ಪುಕ್ಕಲ ನಾನು, ಥೂ.

ಈಗ ಅಚ್ಚಾಗುವ ಪುಸ್ತಕದಲ್ಲಿ ಅವನ ಹೆಸರು ಏನಾಗಿ ಉಳಿಯಬೇಕು ಎನ್ನುವುದು ನನ್ನ ಕೈಲಿತ್ತು. ಒಂದು ಬೆಳಿಗ್ಗೆ ಹಲ್ಲು ಕಚ್ಚಿ ಬರೆದೆ: "ಆ ಗೋಲು ನ್ಯಾಯವಾದದ್ದು. ಹನುಮಂತರಾಜುವಿನ ಕೈಗೆ ಚೆಂಡು ತಗುಲಿರಲಿಲ್ಲ. ನಾನು ಕಣ್ಣು ಮುಚ್ಚಿದ್ದೆ, ಮಾನ ಉಳಿಸಿಕೊಳ್ಳಲು ಸುಳ್ಳು ಕೂಗಿದೆ." ಸಿಂಧುವಿಗೆ ಕಳಿಸುವ ಮೊದಲು ಅವನಿಗೆ ತೋರಿಸಬೇಕೆನಿಸಿ ಬಸ್ಸು ಹತ್ತಿದೆ. ಸೀಟು ಇದ್ದರೂ ನಿಂತೇ ಹೋದೆ.

ರಾಜು ಲಾರಿಯ ಟಯರು ಬಿಚ್ಚುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು.

"ಏನ್ಲಾ ಗಂಗ, ದಾರಿ ತಪ್ಪಿ ಬಂದ್ಯಾ?"

"ಇದನ್ನ ಓದು."

ಅವನು ಕೈ ಒರೆಸಿಕೊಂಡು ಓದಿದ. ಇನ್ನೊಂದು ಸಲ ಓದಿದ. ಬೈಯಲಿ, ಕೆನ್ನೆಗೆ ಎರಡು ಬಾರಿಸಲಿ ಎಂದು ಕಾದು ನಿಂತಿದ್ದೆ.

"ನೋಡದೇ ಇದ್ದೋನು ತಗುಲಿರಲಿಲ್ಲ ಅಂತ ಹೆಂಗ್ಲಾ ಬರ್ದೆ?" ಅಂದ.

ನಾನು ಕಾಗದ ವಾಪಸು ಪಡೆಯಲು ಕೈ ಚಾಚಿದೆ. ಅವನು ಕೊಡಲಿಲ್ಲ.

"ತಗುಲಿತ್ತು ಕಣ್ಲಾ. ಆವತ್ತೆಲ್ಲ ಮಾಯಸಂದ್ರದೋರು ಗೊಣಗ್ತಿದ್ರು, ಇವ್ನು ಒಳಗೊಳಗೆ ತನ್ನೂರಿಗೇ ಆಡ್ತಾವ್ನೆ ಅಂತ. ರೋಸಿ ಹೋಗಿತ್ತು. ಚೆಂಡು ತಲೆಗೆ ಎಟುಕ್ಲಿಲ್ಲ, ಕೈ ಹೋಗೇಬುಡ್ತು."

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೈದು ವರ್ಷ ನಾನು ಬೆಂದದ್ದು ಯಾವ ಕರ್ಮಕ್ಕೆ? "ಮತ್ಯಾಕ್ಲಾ ಮೇಷ್ಟ್ರು ಕೇಳ್ದಾಗ ಬಾಯಿ ಬುಡ್ಲಿಲ್ಲ?"

"ಹೇಳೋಕೆ ಅಂತ್ಲೇ ಮೇಷ್ಟ್ರ ಕಡೆ ತಿರುಗಿದ್ದೆ. ಅಷ್ಟ್ರಲ್ಲಿ ನೀನು ಕೂಗ್ದೆ. ನೀನು ನೋಡ್ಬುಟ್ಟೆ ಅನ್ಕಂಡೆ. ಆಮೇಲೆ ಹೇಳಿದ್ರೆ, ಸಿಕ್ಕಾಕ್ಕಂಡು ಒಪ್ಕಂಡ ಅನ್ನೋರು. ತಾನಾಗೇ ಹೇಳ್ದ ಅಂತ ಯಾರು ಅಂತಿದ್ರು?" ಅವನ ದನಿ ಏರಲಿಲ್ಲ. "ಒಂದು ಗಳಿಗೆ ನೀನು ಸುಮ್ಕಿದ್ದಿದ್ರೆ ಸಾಕಾಗಿತ್ತು ಗಂಗ."

ಅಲ್ಲೇ ಟಯರಿನ ಮೇಲೆ ಕೂತೆ. ನಾನು ಕಿತ್ತುಕೊಂಡದ್ದು ಅವನ ಹೆಸರನ್ನು ಎಂದುಕೊಂಡಿದ್ದೆ. ಅವನ ಬಾಯಿಂದ ಬರಬೇಕಿದ್ದ ನಿಜವನ್ನೇ ಕಿತ್ತುಕೊಂಡಿದ್ದೆ. ಅಳು ಬಂತು, ಅತ್ತೆ.

ರಾಜು ಪೆನ್ನು ಕೇಳಿ ತೆಗೆದುಕೊಂಡ. ಗೋಲು ನ್ಯಾಯವಾದದ್ದು ಎಂದು ನಾನು ಬರೆದಿದ್ದ ಸಾಲನ್ನು ಹೊಡೆದು ಹಾಕಿದ, "ತಗುಲಿರಲಿಲ್ಲ" ಎಂಬುದನ್ನೂ ಹೊಡೆದು ಮೇಲೆ "ತಗುಲಿತ್ತು" ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದ. ಕಾಗದದ ಮೇಲೆ ಗ್ರೀಸಿನ ಹೆಬ್ಬೆಟ್ಟು ಮೂಡಿತು.

"ಅಚ್ಚು ಹಾಕೋರಿಗೆ ಕೊಡು," ಅಂದ. "ಯಾರೂ ಕೇಳ್ದೇನೇ ಹೇಳ್ದ ಅಂತ ಸೇರ್ಸು."

ಅವನ ಎದುರಿಗೇ ಸೇರಿಸಿದೆ.