ಗಿಡ್ಡವಾದ ಪರದೆಗಳು

ನಡುಮಹಡಿಯ ಡ್ರೈವರನ ಹೆಂಡತಿ ಕೊಟ್ಟುಹೋದ ಪರದೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಹೊಲಿಗೆಯಾಕೆ ಕತ್ತರಿ ಹಿಡಿದೇ ನಿಂತಳು. ಪ್ರತಿಯೊಂದನ್ನೂ ಮೊಳದಷ್ಟು ಗಿಡ್ಡ ಮಾಡಬೇಕಂತೆ. ಆ ಮನೆಯ ಕಿಟಕಿಗಳ ಅಳತೆ ಆಕೆಗೆ ಬಾಯಿಪಾಠ. ಈ ಪರದೆಗಳನ್ನು ಹೊಲಿದವಳೂ ಆಕೆಯೇ. ಕಿಟಕಿಗಳೇನೂ ಕುಗ್ಗಿರಲಿಲ್ಲ. ಅಂದಮೇಲೆ ಇವು ಬೇರೆ ಯಾವುದೋ ಮನೆಗೆ.

"ಅವರು ಮನೆ ನೋಡ್ಕೊಂಡಾಗಿದೆ, ಅತ್ತೆ."

ಗುಂಡಿ ಹಚ್ಚುತ್ತಿದ್ದ ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು. "ಬಟ್ಟೆ ನೋಡಿ ಭವಿಷ್ಯ ಹೇಳೋದು ಯಾವಾಗ ಕಲಿತೆ? ಹೋಗಿ ಕೇಳಬಾರದಾ?"

"ಕೇಳಿದ್ರೆ ನಿಜ ಹೇಳ್ತಾರಾ?"

ಮೂರು ಮಹಡಿಯ, ಮೂರು ಸಂಸಾರಗಳ ಆ ಮನೆಯ ಮುಂದೆ 'ಮಾರಾಟಕ್ಕಿದೆ' ಎಂಬ ಫಲಕ ಬಂದಂದಿನಿಂದ ಮೆಟ್ಟಿಲ ಮೇಲಿನ ಮಾತುಕತೆ ನಿಂತುಹೋಗಿತ್ತು. ಬೀದಿಯೂ ಮೊದಲಿನಂತಿರಲಿಲ್ಲ, ಹಿಟ್ಟಿನ ಗಿರಣಿಯಿದ್ದಲ್ಲಿ ಗಾಜಿನ ಬಾಗಿಲಿನ ಕಾಫಿ ಅಂಗಡಿ ತೆರೆದಿತ್ತು. ಕೊಳ್ಳುವವರಿಗೆ ಖಾಲಿ ಮನೆ ಬೇಕಿತ್ತು. ಆದರೆ ಬಾಡಿಗೆಯ ಕರಾರುಗಳ ಅವಧಿ ಇನ್ನೂ ಮುಗಿದಿರಲಿಲ್ಲ. ಬಾಡಿಗೆದಾರರು ತಾವಾಗಿಯೇ ಬಿಡುತ್ತೇವೆಂದು ಸಹಿ ಹಾಕಬೇಕಿತ್ತು. ಅದಕ್ಕಾಗಿ ದಲ್ಲಾಳಿ ಒಂದೊಂದೇ ಬಾಗಿಲು ತಟ್ಟಿ, ದನಿ ತಗ್ಗಿಸಿ ಮಾತನಾಡುತ್ತಿದ್ದ. ಮೇಲಿನವರಿಬ್ಬರೂ ಒಪ್ಪಿಯಾಗಿದೆ, ಒಂಟಿಯಾಗಿ ಉಳಿದವರ ಗೋಳನ್ನು ಯಾರೂ ಕೇಳುವುದಿಲ್ಲ ಎಂದು ಕೆಳಮಹಡಿಯಲ್ಲಿದ್ದ ಹೊಲಿಗೆಯಾಕೆಗೆ ಹೇಳಿದ್ದ. ಮನೆ ಹೋದರೆ ಗಿರಾಕಿಗಳೂ ಹೋದಂತೆಯೇ. ಒಪ್ಪಿಕೊಂಡ ಹೊಲಿಗೆ ಎಲ್ಲಿ ಅರ್ಧಕ್ಕೆ ನಿಲ್ಲುತ್ತದೋ ಎಂಬ ಅಂಜಿಕೆಯಿಂದ ಆಕೆ ಮದುವೆಯ ಬಟ್ಟೆಗಳನ್ನು ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಳು.

ದಲ್ಲಾಳಿ ಮತ್ತೆ ಬಂದಾಗ ಪರದೆಗಳ ಸಿಟ್ಟು ಆಕೆಯ ನಾಲಿಗೆಯ ತುದಿಯಲ್ಲೇ ಇತ್ತು. "ಮೊದಲು ಅವರನ್ನ ವಿಚಾರಿಸಿ. ನಾಲ್ಕೇ ಜನ ಅಂತ ಕರಾರು. ಡ್ರೈವರನ ಅಕ್ಕನೂ ಬಂದು ಸೇರ್ಕೊಂಡಿದ್ದಾಳೆ."

ದಲ್ಲಾಳಿ ತಲೆದೂಗಿ ಮೆಟ್ಟಿಲು ಹತ್ತಿದ. ಆ ಸದ್ದಿಗೆ ಆಕೆಗೆ ಸಮಾಧಾನವಾಗಬೇಕಿತ್ತು; ಆಗಲಿಲ್ಲ.

ಮರುದಿನ ಪರದೆಗಳನ್ನು ಆಕೆಯೇ ಮೇಲಕ್ಕೆ ಒಯ್ದಳು. ಡ್ರೈವರನ ಹೆಂಡತಿಯ ಕಣ್ಣುಗಳು ಊದಿಕೊಂಡಿದ್ದವು. ಕಿಟಕಿಗೆ ಕಟ್ಟಿದ್ದ ಹಳೆಯ ಹೊದಿಕೆಯನ್ನು ಆಗಷ್ಟೇ ನಿಲ್ಲಲು ಕಲಿತಿದ್ದ ಕಿರಿಯ ಮಗು ಎರಡೂ ಕೈಯಿಂದ ಜಗ್ಗುತ್ತಿತ್ತು. ಮೇಲಿನ ಕಂಬಿ ಸೊಟ್ಟಗಾಗಿತ್ತು.

"ಇನ್ಯಾಕೆ ತಂದ್ರಿ ಅಕ್ಕಾ? ಈ ತುಂಟ ಕಂಬಿ ಸಮೇತ ಮೈಮೇಲೆ ಎಳ್ಕೋತಾನೆ ಅಂತ ಗಿಡ್ಡ ಮಾಡಿಸಿದ್ದೆ. ಈಗ ಕರಾರು ಮುರಿದಿದ್ದೀರಿ, ಖಾಲಿ ಮಾಡಿ ಅಂತಿದ್ದಾರೆ."

"ನಾನು... ಹೊಸ ಮನೆಗೆ ಅಂದ್ಕೊಂಡಿದ್ದೆ."

"ನಮಗೆಲ್ಲಿಯ ಹೊಸ ಮನೆ? ಹೊರಟಿರೋದು ನೀವಲ್ವಾ? ಮದುವೆ ಬಟ್ಟೆ ಬೇಡ ಅಂತಿದ್ದೀರಂತೆ. ನೀವು ಸಹಿ ಹಾಕಿದ್ರಿ ಅಂತ ದಲ್ಲಾಳಿ ಹೇಳಿದಾಗ ನಮ್ಮನೆಯವರು ಅದಕ್ಕೇ ನಂಬಿದ್ದು."

ಒಳಗೆ ಡ್ರೈವರನ ಅಕ್ಕ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದಳು. ತಾನು ಹೋದರೆ ತಮ್ಮನ ಸಂಸಾರಕ್ಕೆ ನೆಲೆ ಉಳಿಯುತ್ತದೆ ಎಂದಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಗಂಟನ್ನು ಇನ್ನಷ್ಟು ಬಿಗಿದಳು.

ಸುಮ್ಮನೆ ಇಳಿದುಹೋಗಬಹುದಿತ್ತು. ಯಾರು ಹೇಳಿದರೆಂದು ಅವರಿಗೆ ತಿಳಿದಿರಲಿಲ್ಲ.

"ನಿಮ್ಮ ವಿಷಯ ಅವನಿಗೆ ಹೇಳಿದ್ದು ನಾನೇ," ಎಂದಳು ಹೊಲಿಗೆಯಾಕೆ.

ಡ್ರೈವರನ ಹೆಂಡತಿ ಮಗುವನ್ನೆತ್ತಿಕೊಂಡು ಒಳಗೆ ಸರಿದಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ದಢಾರನೆ ಮುಚ್ಚಿದ್ದರೆ ವಾಸಿಯಿತ್ತು.

ಹೊಲಿಗೆಯಾಕೆ ಕೆಳಗಿಳಿಯದೆ ಇನ್ನೊಂದು ಮಹಡಿ ಹತ್ತಿ, ಅಲ್ಲಿದ್ದ ನರ್ಸಮ್ಮನನ್ನು ನೇರವಾಗಿ ಕೇಳಿದಳು. ಆಕೆಯೂ ಸಹಿ ಹಾಕಿರಲಿಲ್ಲ. ಕೆಳಗಿನವರಿಬ್ಬರೂ ಹಾಕಿದ್ದಾರೆಂದು ಆಕೆ ನಂಬಿದ್ದಳು.

ಎರಡು ದಿನ ಬಿಟ್ಟು ದಲ್ಲಾಳಿ ಕಾಗದ ಹಿಡಿದು ಬಂದ. ಹೊಲಿಗೆಯಾಕೆ ಕುರ್ಚಿ ಕೊಟ್ಟಳು. ಆತ ಎಂದಿನಂತೆ ದನಿ ತಗ್ಗಿಸಿದ. "ಮೇಲಿನವರು ಒಪ್ಪಿದ್ದಾರಮ್ಮ..."

"ಅದನ್ನ ಅವರೆದುರೇ ಹೇಳಿ," ಎಂದು ಆಕೆ ಮೆಟ್ಟಿಲ ಬಳಿ ನಿಂತು ಎಲ್ಲರನ್ನೂ ಕೂಗಿದಳು.

ನರ್ಸಮ್ಮ ಕೂಡಲೇ ಬಂದಳು. ನಡುಮಹಡಿಯಲ್ಲಿ ಸದ್ದಿರಲಿಲ್ಲ. ಅವರು ಬಾರದಿದ್ದರೂ ತಪ್ಪೆನ್ನುವಂತಿರಲಿಲ್ಲ. ದಲ್ಲಾಳಿ ಕಾಗದವನ್ನು ಮಡಿಸುತ್ತಿರುವಾಗ ಹೆಜ್ಜೆಗಳು ಕೇಳಿದವು: ಡ್ರೈವರ್, ಮಗುವನ್ನೆತ್ತಿಕೊಂಡ ಅವನ ಹೆಂಡತಿ, ಅವರ ಹಿಂದೆ ಗಂಟು ಹಿಡಿದ ಅಕ್ಕ. ಡ್ರೈವರ್ ಹೊಲಿಗೆಯಾಕೆಯ ಮುಖ ನೋಡಲಿಲ್ಲ. ಬಾಗಿಲಲ್ಲೇ ನಿಂತ.

ಆಕೆ ಅಕ್ಕನ ಕೈಯಿಂದ ಗಂಟು ತೆಗೆದುಕೊಂಡು ಅತ್ತೆಯ ಕೋಣೆಯೊಳಗಿಟ್ಟು ಬಂದಳು.

"ಇವರು ಇನ್ನು ನಮ್ಮನೇಲಿರ್ತಾರೆ. ನಾವಿರೋದು ಇಬ್ಬರೇ, ಕರಾರಲ್ಲಿ ಜಾಗ ಇದೆ. ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ಕೇ ಜನ. ಈಗ ಹೇಳಿ, ಒಪ್ಪಿರೋರು ಯಾರು?"

ದಲ್ಲಾಳಿ ಒಂದೊಂದೇ ಮುಖವನ್ನು ನೋಡಿದ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದ ಮಾತು ಎಲ್ಲರೆದುರು ಬಾಯಿಗೆ ಬರಲಿಲ್ಲ.

ಅತ್ತೆ ಅಕ್ಕನ ಕಡೆ ತಿರುಗಿದರು. "ನಾನು ಗೊರಕೆ ಹೊಡೀತೀನಮ್ಮ. ಆಮೇಲೆ ಹೇಳಲಿಲ್ಲ ಅನ್ಬೇಡ."

ನರ್ಸಮ್ಮ ನಕ್ಕಳು. ಡ್ರೈವರ್ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು, ಹೊಲಿಗೆಯಾಕೆಯ ಪಕ್ಕದಲ್ಲಿ ಖಾಲಿಯಿದ್ದ ಕುರ್ಚಿಯನ್ನೆಳೆದುಕೊಂಡು ದಲ್ಲಾಳಿಗೆ ಎದುರಾಗಿ ಕುಳಿತ.