ಕೆಂಪು ನೋಟಿನ ಸೊನ್ನೆಗಳು

ಬೀಗ ರಿಪೇರಿ ಅಂಗಡಿಯ ಅಣ್ಣನಿಗೆ ಯಾರಾದರೂ ಏನನ್ನಾದರೂ ಹೇಳಿಕೊಡಲು ಬಾಯಿ ತೆರೆದರೆ ಸಾಕು, “ಗೊತ್ತು ಬಿಡಿ” ಎಂದು ಅಲ್ಲೇ ತಡೆಯುತ್ತಿದ್ದ. ಹಾಗಾಗಿ ಬೀದಿಯವರೆಲ್ಲ ಅವನನ್ನು ಗೊತ್ತುಬಿಡಣ್ಣ ಎಂದೇ ಕರೆಯುತ್ತಿದ್ದರು.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ತಂಗಿ ಗಂಡನ ಜೊತೆ ಹೊರದೇಶದಲ್ಲಿದ್ದಳು. ಒಂದು ದಿನ ಆ ತಂಗಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. “ಅಕ್ಕಾ, ಹದಿನೈದು ದಿನ ಬಂದು ಹೋಗೇ” ಎಂದು ಫೋನಿನಲ್ಲಿ ಅತ್ತಳು. ಗಂಡ ಹೆಂಡತಿ ಇಬ್ಬರೂ ಹೊರಡುವುದೆಂದಾಯಿತು.

ಪಕ್ಕದ ಮನೆಯ ನರ್ಸಮ್ಮ ಅದೇ ದೇಶದ ಆಸ್ಪತ್ರೆಯಲ್ಲಿ ಎಂಟು ವರ್ಷ ದುಡಿದು ಬಂದವಳು. ವಿಷಯ ತಿಳಿದವಳೇ ತನ್ನಲ್ಲಿ ಉಳಿದಿದ್ದ ಆ ದೇಶದ ನೋಟುಗಳನ್ನು ತಂದು ಹೊಲಿಗೆ ಮೇಜಿನ ಮೇಲೆ ಹರಡಿದಳು.

“ಅಕ್ಕಾ, ಸದ್ಯಕ್ಕೆ ನಮ್ಮ ಒಂದಕ್ಕೆ ಅಲ್ಲಿನ ಇನ್ನೂರು. ದರ ದಿನಾ ಬದಲಾಗುತ್ತೆ, ಹೊರಡೋ ಮುಂಚೆ ಒಂದ್ಸಲ ನೋಡ್ಕೊಳ್ಳಿ. ಬೆಲೆ ಕೇಳಿ ಹೌಹಾರಬೇಡಿ. ಕೊನೇ ಎರಡು ಸೊನ್ನೆ ತೆಗೀರಿ, ಉಳಿದಿದ್ದನ್ನ ಅರ್ಧ ಮಾಡಿ. ಹತ್ತು ಸಾವಿರ ಅಂದ್ರೆ ನಮ್ಮ ಐವತ್ತು, ಅಷ್ಟೇ.”

“ಇವೆರಡೂ ಕೆಂಪಗೇ ಇವೆಯಲ್ಲೇ?” ಎಂದಳು ಹೆಂಡತಿ.

“ಅದೇ ನೋಡಿ ಮೋಸ. ಇದು ಹತ್ತು ಸಾವಿರದ್ದು, ಇದು ಲಕ್ಷದ್ದು. ಬಣ್ಣ ನಂಬಬೇಡಿ, ಸೊನ್ನೆ ಎಣಿಸಿ. ದುಡ್ಡನ್ನ ಬ್ಯಾಂಕಲ್ಲೋ ಪರವಾನಗಿ ಇರೋ ಅಂಗಡೀಲೋ ಮಾತ್ರ ಬದಲಾಯಿಸಿ, ರಸೀದಿ ಇಟ್ಕೊಳ್ಳಿ. ಅಣ್ಣಾ, ನೀವೂ ಸ್ವಲ್ಪ ಕೇಳಿ.”

“ಗೊತ್ತು ಬಿಡಮ್ಮಾ” ಎಂದ ಅಣ್ಣ. “ಮೂವತ್ತು ವರ್ಷದಿಂದ ಎಂತೆಂಥ ಬೀಗ ತೆಗೆದಿದ್ದೀನಿ. ಒಂದು ಚೂರು ಕಾಗದ ಗುರುತು ಹಿಡಿಯೋಕಾಗಲ್ವಾ? ಬ್ಯಾಂಕಿನವರು ಕಮಿಷನ್ ಹೊಡೀತಾರೆ. ನಾನು ಅಲ್ಲೇ ಹೋಗಿ ಬದಲಾಯಿಸ್ತೀನಿ.”

ಹೆಂಡತಿ ಮಾತ್ರ ಮರುದಿನವೇ ಬ್ಯಾಂಕಿಗೆ ಹೋಗಿ ತನ್ನ ಹೊಲಿಗೆಯ ಹಣವನ್ನು ಬದಲಾಯಿಸಿದಳು. ಕಾರ್ಡನ್ನು ಹೊರದೇಶದಲ್ಲಿ ಬಳಸುವುದಾಗಿಯೂ ತಿಳಿಸಿ ಬಂದಳು.

ವಿಮಾನ ಇಳಿದರು. ಹೆಂಡತಿ ಪೆಟ್ಟಿಗೆಗಳಿಗಾಗಿ ಕಾಯುತ್ತಿದ್ದಾಗ ಅಣ್ಣ ಹೊರಗೆ ಗಾಳಿಗೆಂದು ಹೋದ. ಟೈ ಕಟ್ಟಿಕೊಂಡ ಒಬ್ಬ ನಗುತ್ತಾ ಬಂದು ಕ್ಯಾಲ್ಕುಲೇಟರ್ ತೋರಿಸಿದ. ಅದರಲ್ಲಿ ಒಂದಕ್ಕೆ ಇನ್ನೂರಲ್ಲ, ಇನ್ನೂರ ಮೂವತ್ತು! ಅಣ್ಣ ತನ್ನ ಇಪ್ಪತ್ತು ಸಾವಿರವನ್ನೂ ಅವನ ಕೈಗಿಟ್ಟ. ಬದಲಿಗೆ ರಬ್ಬರ್ ಬ್ಯಾಂಡ್ ಹಾಕಿದ ಕೆಂಪು ಕಟ್ಟು ಬಂತು.

ತಂಗಿಯ ಮನೆ ಮುಂದೆ ಟ್ಯಾಕ್ಸಿಯಿಂದ ಇಳಿದಾಗ ಮೀಟರಿನಲ್ಲಿ ಮೂವತ್ತು ಸಾವಿರ. ಅಣ್ಣ ಗತ್ತಿನಿಂದ ಕಟ್ಟಿನ ಮೇಲಿನ ಮೂರು ಕೆಂಪು ನೋಟು ಎಳೆದು ಕೊಟ್ಟ. ಡ್ರೈವರ್ ನೋಟು ನೋಡಿದ, ಅಣ್ಣನ ಮುಖ ನೋಡಿದ, ಎದೆಗೆ ಕೈಯಿಟ್ಟು ಬಾಗಿದ. ಎರಡೂ ಪೆಟ್ಟಿಗೆಗಳನ್ನು ಮೂರನೇ ಮಹಡಿಗೆ ಹೊತ್ತು, ಮತ್ತೆರಡು ಸಲ ಬಾಗಿ, ಮೆಟ್ಟಿಲು ಹಾರುತ್ತಾ ಇಳಿದ.

“ನೋಡಿದ್ಯಾ, ಎಂಥ ಮರ್ಯಾದಸ್ಥರ ದೇಶ!”

“ರೀ, ಅವನಿಗೆ ಯಾವ ನೋಟು ಕೊಟ್ರಿ?”

“ಕೆಂಪುದು.”

“ಸೊನ್ನೆ ಎಷ್ಟಿತ್ತು?”

ಅಣ್ಣ ಛಾವಣಿ ನೋಡಿದ. ಅವು ಲಕ್ಷದ ನೋಟು. ನಮ್ಮ ಲೆಕ್ಕದಲ್ಲಿ ನೂರೈವತ್ತು ಕೊಡುವ ಕಡೆ ಸಾವಿರದೈನೂರು ಕೊಟ್ಟಿದ್ದ.

ಮರುದಿನ ನಾದಿನಿಗೆ ಊರುಗೋಲು ಬೇಕಾಯಿತು. ಮಧ್ಯಾಹ್ನ ಆಸ್ಪತ್ರೆಗೆ ಹೋಗಲೇಬೇಕಿತ್ತು. “ನಾನು ಕೊಡಿಸ್ತೀನಿ” ಎಂದು ಅಣ್ಣ ಷಡ್ಡಕನ ಜೊತೆ ಔಷಧಿ ಅಂಗಡಿಗೆ ನಡೆದ. ಕಟ್ಟಿನಿಂದ ನಾಲ್ಕು ನೋಟು ಕೊಟ್ಟ. ಅಂಗಡಿಯವಳು ಕನ್ನಡಕ ಏರಿಸಿ ನೋಡಿ, ಒಳಗಿದ್ದ ತನ್ನ ಮುದಿ ತಾಯಿಯನ್ನು ಕೂಗಿದಳು. ಆಕೆ ನೋಟನ್ನು ಪ್ರೀತಿಯಿಂದ ಸವರುತ್ತಾ ಏನೋ ಹೇಳಿದಳು.

“ಏನಂತೆ?” ಅಣ್ಣ ಕೇಳಿದ.

ಷಡ್ಡಕ ಅಣ್ಣನನ್ನು ಪಕ್ಕಕ್ಕೆ ಎಳೆದ. “ಅಣ್ಣಾ, ಇವು ಒಂಬತ್ತು ವರ್ಷದ ಹಿಂದೆಯೇ ರದ್ದಾದ ನೋಟು. ಇಷ್ಟು ಚೆನ್ನಾಗಿ ಜೋಪಾನ ಮಾಡಿದ್ದೀರಲ್ಲ ಅಂತ ಸಂತೋಷ ಪಡ್ತಿದ್ದಾರೆ.”

ಕಟ್ಟಿನಲ್ಲಿ ಚಲಾವಣೆಯಲ್ಲಿದ್ದದ್ದು ಮೇಲಿನ ಮೂರೇ. ಅವು ಟ್ಯಾಕ್ಸಿಯಲ್ಲಿ ಹೋಗಿದ್ದವು.

ಪೊಲೀಸ್ ಠಾಣೆಗೆ ಓಡಿದರು. ಅಲ್ಲಿನ ಅಧಿಕಾರಿಯ ಮೊದಲ ಪ್ರಶ್ನೆಯನ್ನು ಷಡ್ಡಕ ಕನ್ನಡಕ್ಕೆ ತಂದ: “ರಸೀದಿ ಎಲ್ಲಿ ಅಂತಾರೆ.”

“ರಸೀದಿ ಯಾಕೆ? ಅವನು ಕೈ ಕುಲುಕಿದ್ನಲ್ಲ!”

ಷಡ್ಡಕ ಇದನ್ನು ಅನುವಾದಿಸಲಿಲ್ಲ. ದೂರು ಬರೆಸಿ ಸುಮ್ಮನೆ ಕರೆತಂದ. ಊರುಗೋಲಿಗೆ ಕೊನೆಗೆ ಹೆಂಡತಿಯೇ ದುಡ್ಡು ಕೊಟ್ಟಳು, ನಾದಿನಿ ಆಸ್ಪತ್ರೆಗೂ ಹೋಗಿ ಬಂದಳು. ಅಣ್ಣ ಮಾತ್ರ ಅಡುಗೆಮನೆಯ ಸ್ಟೂಲಿನ ಮೇಲೆ ಮುಖ ಕೆಳಗೆ ಹಾಕಿ ಕೂತಿದ್ದ. ಇಪ್ಪತ್ತು ಸಾವಿರ ಎಂದರೆ ಎಷ್ಟು ಬೀಗ, ಎಷ್ಟು ಕೀ!

“ಲೇ, ನಿನ್ನ ನೋಟು ಹಿಡ್ಕೊಂಡು ಬಾ” ಎಂದ ಹೆಂಡತಿಗೆ. “ನಂಗೇನೂ ಗೊತ್ತಿಲ್ಲ. ಹೇಳಿಕೊಡು.”

ಹೆಂಡತಿ ಬೈಯಲಿಲ್ಲ. ನಾದಿನಿಯ ಮಂಚವೇ ಅಂಗಡಿಯಾಯಿತು. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅವಳು ವ್ಯಾಪಾರಕ್ಕೆ ಕೂತಳು.

“ಬನ್ನಿ ಭಾವ, ಈ ದಿಂಬು ಮೂವತ್ತೈದು ಸಾವಿರ.”

“ಎರಡು ಸೊನ್ನೆ ತೆಗೆದ್ರೆ ಮುನ್ನೂರೈವತ್ತು. ಅರ್ಧ... ನೂರಾ ಎಪ್ಪತ್ತೈದು. ಸರಿ, ತಗೋ ಐವತ್ತು ಸಾವಿರ.”

ಮೊದಲ ಮೂರು ಸಲ ನಾದಿನಿ ಚಿಲ್ಲರೆ ಕಡಿಮೆ ಕೊಟ್ಟಳು. ಅಣ್ಣ ಮೂರು ಸಲವೂ ಜೇಬಿಗಿಳಿಸಿ ಥ್ಯಾಂಕ್ಸ್ ಹೇಳಿದ. ನಾಲ್ಕನೇ ಸಲ ಎಣಿಸಿ, “ಐದು ಸಾವಿರ ಎಲ್ಲೇ, ಕಳ್ಳಿ?” ಎಂದು ಅರಚಿದ. ನಾದಿನಿ ಕಾಲಿನ ನೋವು ಮರೆತು ಚಪ್ಪಾಳೆ ತಟ್ಟಿದಳು.

ಅಂದಿನಿಂದ ಅಣ್ಣ ಹೆಂಡತಿ ಕೊಟ್ಟ ಸಣ್ಣ ನೋಟನ್ನು ಒಂದು ಜೇಬಿನಲ್ಲಿ, ದೊಡ್ಡದನ್ನು ಒಳಜೇಬಿನಲ್ಲಿ ಇಟ್ಟ. ಒಮ್ಮೆ ದೊಡ್ಡ ಅಂಗಡಿಯಲ್ಲಿ ಹೆಂಡತಿ ಕಾರ್ಡ್ ಕೊಟ್ಟಾಗ, ನಿಮ್ಮ ದೇಶದ ಹಣದಲ್ಲಿ ಮುರಿದುಕೊಳ್ಳಲೋ, ಇಲ್ಲಿನ ಹಣದಲ್ಲೋ ಎಂದು ಯಂತ್ರ ಕೇಳಿತು. ಅವಳು ನರ್ಸಮ್ಮನಿಗೆ ಫೋನ್ ಮಾಡಿದಳು.

“ಅಲ್ಲಿನ ಹಣದಲ್ಲೇ ಅನ್ನಿ ಅಕ್ಕಾ. ನಮ್ಮ ಹಣ ಅಂದ್ರೆ ಅವರು ಇಷ್ಟ ಬಂದ ದರ ಹಾಕಿ ಹೆಚ್ಚು ಮುರ್ಕೋತಾರೆ.”

“ನಿಮ್ಮ ಹಣ ಅಂತ ಪ್ರೀತಿಯಿಂದ ಕೇಳಿದ್ರೂ ಇದೂ ಆ ಟೈಯವನ ಕಥೇನಾ!” ಎಂದು ಅಣ್ಣ ಯಂತ್ರವನ್ನು ದುರುಗುಟ್ಟಿ ನೋಡಿದ. ವಾಪಸು ಬರುವ ದಿನ ನಾಣ್ಯಗಳನ್ನೆಲ್ಲ ಅಲ್ಲೇ ಖರ್ಚು ಮಾಡಿದ, ಯಾಕೆಂದರೆ ನಾಣ್ಯ ವಾಪಸು ಬದಲಾಯಿಸಿಕೊಡುವವರು ಸಿಗುವುದು ಕಷ್ಟ. ನೋಟು ಮಾತ್ರ ಬ್ಯಾಂಕಿಗೆ ಮರಳಿದವು.

ಊರಿಗೆ ಬಂದ ವಾರದಲ್ಲೇ ಶಾಲೆಯ ಟೀಚರೊಬ್ಬರು ಪ್ರವಾಸದ ಪೆಟ್ಟಿಗೆಗೆ ಹೊಸ ಬೀಗ ಹಾಕಿಸಲು ಬಂದರು. ಅಣ್ಣ ಬೀಗ ಹಾಕಿದ, ಆದರೆ ಕೀ ಕೊಡಲಿಲ್ಲ.

“ಮೇಡಂ, ಹೋಗೋ ದೇಶದ ನೋಟು ನೋಡಿದ್ದೀರಾ?”

“ಅಲ್ಲಿ ಹೋದ್ಮೇಲೆ ನೋಡಿದ್ರಾಯ್ತಪ್ಪ.”

ಅಣ್ಣ ಕೀಯನ್ನು ಜೇಬಿಗಿಳಿಸಿ ಸ್ಟೂಲು ಎಳೆದ. “ಕೂತ್ಕೊಳ್ಳಿ. ಇಪ್ಪತ್ತು ಸಾವಿರ ಫೀಸು ಕಟ್ಟಿ ಕಲಿತ ಪಾಠ, ನಿಮಗೆ ಬಿಟ್ಟಿ ಹೇಳಿಕೊಡ್ತೀನಿ.”

ಅಣ್ಣಂದಿರೇ, ಅಕ್ಕಂದಿರೇ, ನೀವೂ ಹೊರದೇಶಕ್ಕೆ ಹೊರಟಿದ್ದರೆ ಬಟ್ಟೆ ಮಡಿಸುವ ಮೊದಲು ಅರ್ಧ ಗಂಟೆ ಆ ದೇಶದ ದುಡ್ಡಿಗೆ ಕೊಡಿ. ಬ್ಯಾಂಕಿಗೆ ಹೋಗಿ ದರ ಕೇಳಿ, ನೋಟು ಕೈಯಲ್ಲಿ ಹಿಡಿದು ನೋಡಿ, ರಸೀದಿ ಇಲ್ಲದೆ ಎದ್ದು ಬರಬೇಡಿ. ಅಲ್ಲಿ ಯಾರಾದರೂ ಬ್ಯಾಂಕಿಗಿಂತ ಹೆಚ್ಚು ಕೊಡುತ್ತೇನೆಂದು ನಗುತ್ತಾ ಬಂದರೆ ನೀವೂ ನಕ್ಕು ಮುಂದೆ ನಡೆಯಿರಿ. ಆಗ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುವುದನ್ನು ಬಿಟ್ಟು, ತಲೆಯೆತ್ತಿ ಊರು ನೋಡಬಹುದು.